ಮಳೆಯ ನೀರು, ತೂಬಿನ ನೀರು

ಒಂದು ಸಂಸಾರ ಟೆಲಿವಿಷನ್ ಲೈಸೆನ್ಸಿನ ಹಣವನ್ನು ಯಾವಾಗ ಕಟ್ಟಬೇಕು? ನಮ್ಮ ದೇಶದ ಮಟ್ಟಿಗೆ ಇದು ತೀರಿಹೋದ ಪ್ರಶ್ನೆ. 1980ರ ದಶಕದ ನಡುವಿನಲ್ಲಿ ಸರ್ಕಾರ ರೇಡಿಯೋ ಮತ್ತು ಟೆಲಿವಿಷನ್ನುಗಳ ಮೇಲಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅನಂತರ ಹುಟ್ಟಿದವರಿಗೆ ಅಂಥದೊಂದು ಇತ್ತೆಂದರೆ ನಂಬಿಕೆಯೇ ಬರುವುದಿಲ್ಲ. "ರೇಡಿಯೋಗೂ ಲೈಸೆನ್ಸೆ? ಅದೇನು ಬಂದೂಕವೆ?" ಎಂದು ಕೇಳುತ್ತಾರೆ. ಅವರು ಕೇಳುವುದು ನ್ಯಾಯವಾಗಿಯೇ ಇದೆ. ಅಂಗಡಿಯಲ್ಲಿ ಬೆಲೆ ಕೊಟ್ಟು ತಂದ ಪೆಟ್ಟಿಗೆ ನಮ್ಮದು. ಅದಕ್ಕೆ ಬೇಕಾದ ವಿದ್ಯುತ್ತಿಗೆ ಬೇರೆ ಹಣ ಕೊಡುತ್ತೇವೆ. ಧ್ವನಿಯೋ ಚಿತ್ರವೋ ಗಾಳಿಯಲ್ಲಿ ತಾನಾಗಿ ಬರುತ್ತದೆ. ನಾವು ಕೇಳಿದ್ದರಿಂದ ಅದು ಸವೆಯುವುದಿಲ್ಲ, ಪಕ್ಕದ ಮನೆಯವರ ಪಾಲು ಕಡಮೆಯಾಗುವುದಿಲ್ಲ. ಹೀಗಿರುವಾಗ ಯಾರಿಗೆ, ಏತಕ್ಕೆ ಬಾಕಿ?

ಪ್ರಶ್ನೆ ಹಳೆಯದಾದರೂ ಸಣ್ಣದಲ್ಲವೆಂದು ನನ್ನ ಎಣಿಕೆ. ಬಳಸಿದರೂ ಸವೆಯದ ವಸ್ತುವಿನಿಂದ ಸಾಲ ಹುಟ್ಟುತ್ತದೆಯೆ, ಯಾರ ಕಣ್ಣಿಗೂ ಬೀಳದ ಸಾಲ ಸಾಲವೆ, ಸಾಲ ಹುಟ್ಟಿದರೆ ಅದು ಯಾರ ತಲೆಯ ಮೇಲೆ – ಕೇಳಿದವನ ಮೇಲೋ, ಪೆಟ್ಟಿಗೆಯ ಒಡೆಯನ ಮೇಲೋ, ಇಡೀ ಮನೆಯ ಮೇಲೋ? ಇವೆಲ್ಲ ಆ ಒಂದು ಲೈಸೆನ್ಸಿನ ಪುಸ್ತಕದಲ್ಲಿ ಮಡಿಸಿಟ್ಟ ಪ್ರಶ್ನೆಗಳು.

ಮೊದಲು ಆ "ತಾನಾಗಿ ಬರುತ್ತದೆ" ಎಂಬ ಮಾತನ್ನು ನೋಡೋಣ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರ ಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ "ಆಕಾಶವಾಣಿ" ಎಂಬ ಹೆಸರಾಯಿತು. ಮುಂದೆ ಆ ಹೆಸರು ಇಡೀ ದೇಶದ ಬಾನುಲಿಗೆ ಹತ್ತಿತು. ಬಹಳ ಸೊಗಸಾದ ಹೆಸರು. ಆದರೆ ಸ್ವಲ್ಪ ದಾರಿ ತಪ್ಪಿಸುವ ಹೆಸರು ಕೂಡ. ಪುರಾಣದ ಆಕಾಶವಾಣಿಗೆ ಶರೀರವಿಲ್ಲ, ಹೊಟ್ಟೆಯಿಲ್ಲ, ತಿಂಗಳ ಸಂಬಳವಿಲ್ಲ. ಕಂಸನಿಗೆ ಅದು ಬಿಟ್ಟಿಯಾಗಿಯೇ ಕೇಳಿಸಿತು. (ಕೇಳಿಸಿದ್ದರಿಂದ ಅವನಿಗೇನೂ ಸುಖವಾಗಲಿಲ್ಲವೆನ್ನಿ.) ಮೈಸೂರಿನ ಆಕಾಶವಾಣಿಗಾದರೋ ಹಿಂದೆ ಒಬ್ಬ ಗೃಹಸ್ಥರಿದ್ದರು, ಅವರ ಕೈಯಿಂದ ಹಣ ಹೋಗುತ್ತಿತ್ತು. ಧ್ವನಿ ಗಾಳಿಯಲ್ಲಿ ಬಂದರೂ ಗಾಳಿಯಿಂದ ಹುಟ್ಟಿದ್ದಲ್ಲ. ಹಾಡುವವನು, ಯಂತ್ರ ನೋಡಿಕೊಳ್ಳುವವನು, ಕಸ ಗುಡಿಸುವವನು, ಎಲ್ಲರೂ ಉಣ್ಣಬೇಕು.

ಇದಿಷ್ಟರಿಂದ ನಾನು ಕೊಡಬೇಕೆಂದು ಸಿದ್ಧವಾಯಿತೆ? ಇಲ್ಲ. ಒಬ್ಬನು ಶ್ರಮಪಟ್ಟನೆಂದ ಮಾತ್ರಕ್ಕೆ ಅದರ ಸುಖವುಂಡ ಪ್ರತಿಯೊಬ್ಬನೂ ಸಾಲಗಾರನಾಗುವುದಿಲ್ಲ. ಎದುರು ಮನೆಯವರು ಬೆಳೆಸಿದ ಸಂಪಿಗೆಯ ವಾಸನೆಗೆ ನಾನು ತಿಂಗಳಿಗಿಷ್ಟೆಂದು ಕೊಡಬೇಕೆ?

ನಮ್ಮ ಕಾನೂನು ಈ ತೊಡಕುಗಳಿಗೆ ಕೈಹಾಕಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಹೇಳಿದ್ದು ಇಷ್ಟೆ: ಲೈಸೆನ್ಸಿಲ್ಲದೆ ಅಂಥ ಯಂತ್ರವನ್ನು ಇಟ್ಟುಕೊಳ್ಳಕೂಡದು. ಕೇಳಿದಿರೋ ಇಲ್ಲವೋ, ಕೇಳಿ ಸಂತೋಷಪಟ್ಟಿರೋ ತಲೆನೋವು ತಂದುಕೊಂಡಿರೋ, ಆ ವಿಚಾರವೇ ಬೇಡ, ಪೆಟ್ಟಿಗೆ ಇದೆಯೆ? ಯಾರ ಮನೆಯಲ್ಲಿದೆ? ಯಾರ ಹತೋಟಿಯ ಸ್ಥಳದಲ್ಲಿ ಯಂತ್ರ ಸಿಕ್ಕಿತೋ ಅವನದೇ ಎಂದು ನ್ಯಾಯಾಲಯ ಭಾವಿಸಬಹುದಾಗಿತ್ತು. ಅಂದರೆ ಮಗ ಸಂಬಳದಲ್ಲಿ ತಂದಿಟ್ಟ ರೇಡಿಯೋಕ್ಕೆ ಯಜಮಾನ ಹೊಣೆ. ವರ್ಷ ವರ್ಷವೂ ಪೋಸ್ಟಾಫೀಸಿಗೆ ಹೋಗಿ, ಪುಟ್ಟ ಪುಸ್ತಕದಲ್ಲಿ ಅಂಚೆಚೀಟಿಯಂಥ ಚೀಟಿ ಅಂಟಿಸಿ, ಮುದ್ರೆ ಒತ್ತಿಸಿಕೊಂಡು ಬರಬೇಕು. ರೇಡಿಯೋಕ್ಕೆ 15 ರೂಪಾಯಿ. ಮುಂದೆ ಟೆಲಿವಿಷನ್ ಬಂದಾಗ ಅದಕ್ಕೆ 50 ರೂಪಾಯಿ. ಲೈಸೆನ್ಸು ಪರೀಕ್ಷಿಸುವ ಇನ್ಸ್‌ಪೆಕ್ಟರು ಬಂದರೆ ಪೆಟ್ಟಿಗೆಗಿಂತ ಮೊದಲು ಪುಸ್ತಕ ಹುಡುಕಬೇಕಾಗಿತ್ತು.

ನಮ್ಮೂರು ಶಿರಾ ತಾಲ್ಲೂಕಿನ ಮದಲೂರು. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿಯ ನೀರು ಹರಿಸುವ ಮಾತು ಎಲ್ಲ ಪಕ್ಷಗಳ ಬಾಯಲ್ಲಿಯೂ ಇದ್ದುದರಿಂದ ಪತ್ರಿಕೆ ಓದುವವರಿಗೆ ಹೆಸರು ಕೇಳಿದ ನೆನಪಿರಬಹುದು. ನಾನು ಹೇಳುವುದು 1960ರ ದಶಕದ ಮಾತು. ನಮ್ಮ ದೊಡ್ಡಪ್ಪನವರು ಒಂದು ಬ್ಯಾಟರಿ ರೇಡಿಯೋ ತಂದಿದ್ದರು. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ. ಮಾಡಿನಿಂದ ಹೊಂಗೆಮರಕ್ಕೆ ಎಳೆದ ಏರಿಯಲ್ ತಂತಿ. ತಂತಿಯ ಮೇಲೆ ಸಾಲಾಗಿ ಗುಬ್ಬಿಗಳು. ಸಂಜೆ ಪ್ರದೇಶ ಸಮಾಚಾರದ ಹೊತ್ತಿಗೆ ದೊಡ್ಡಪ್ಪ ಪೆಟ್ಟಿಗೆಯನ್ನು ಒಳಗಿನಿಂದ ತಂದು ಜಗಲಿಯ ಮೇಲಿಡುವರು. 1964ರ ಮೇ 27ರಂದು ನೆಹರೂ ತೀರಿಕೊಂಡ ಸುದ್ದಿಯನ್ನು ನಮ್ಮೂರು ಕೇಳಿದ್ದು ಆ ಪೆಟ್ಟಿಗೆಯಿಂದ. ಮರುವರ್ಷ ಪಾಕಿಸ್ತಾನದೊಡನೆ ನಡೆದ ಯುದ್ಧದ ಸುದ್ದಿಯನ್ನೂ ಅದರಿಂದಲೇ.

ಕಾನೂನಿನ ಲೆಕ್ಕದಲ್ಲಿ ಅದು ಒಂದು ಮನೆಯ ರೇಡಿಯೋ, ಅದಕ್ಕೆ ಮನೆಬಳಕೆಯ ಲೈಸೆನ್ಸು. ಹೋಟೆಲಿಗೆ ಬೇರೆ ದರ, ಊರೊಟ್ಟಿನ ಪೆಟ್ಟಿಗೆಗೆ ಬೇರೆ ದರ. ದೊಡ್ಡಪ್ಪನ ಜಗಲಿ ಇವುಗಳಲ್ಲಿ ಯಾವುದು? ಒಂದು ಸಲ ಬಂದ ಇನ್ಸ್‌ಪೆಕ್ಟರು ಜಗಲಿಯ ಮೇಲಿನ ಜನವನ್ನು ನೋಡಿ ಅರ್ಧ ತಮಾಷೆಗೆ, "ಏನ್ರೀ ಗೌಡ್ರೇ, ಇವರೆಲ್ಲ ನಿಮ್ಮ ಮನೇವರಾ?" ಎಂದು ಕೇಳಿದರು. ದೊಡ್ಡಪ್ಪ ಪುಸ್ತಕ ತೋರಿಸುತ್ತ, "ಸುದ್ದಿ ಮುಗಿಯೋವರೆಗೂ ಹೌದು, ಸ್ವಾಮಿ" ಎಂದರು. ಇನ್ಸ್‌ಪೆಕ್ಟರು ನಕ್ಕು ಮಜ್ಜಿಗೆ ಕುಡಿದು ಹೋದರು. ನಕ್ಕದ್ದು ಸರಿ; ಆದರೆ ಅವರು ಕೇಳಿದ ಪ್ರಶ್ನೆಗೆ ನನಗೆ ಇವತ್ತಿಗೂ ಪೂರ್ತಿ ಉತ್ತರ ದೊರೆತಿಲ್ಲ. ಮನೆ ಎಂದರೆ ಎಲ್ಲಿಯವರೆಗೆ? ಗೋಡೆಯವರೆಗೋ, ಧ್ವನಿ ಕೇಳಿಸುವವರೆಗೋ?

ಆ ಜಗಲಿಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಊರ ಹೊರಗಿನ ಕೇರಿಯವರು ಬೀದಿಯಾಚೆ ಹೊಂಗೆಮರದ ಕೆಳಗೆ ನಿಂತು ಕೇಳುವರು. ಕೆರೆಯ ನೀರುಗಂಟಿಯೂ ಅವರಲ್ಲೊಬ್ಬ. ಊರಿನ ಗದ್ದೆಗಳಿಗೆಲ್ಲ ನೀರು ಹಂಚುವವನು ಬೀದಿಯಲ್ಲಿ ನಿಂತಿದ್ದ. ಧ್ವನಿಗೆ ಜಗಲಿಯೂ ಒಂದೆ, ಹೊಂಗೆಮರವೂ ಒಂದೆ. ದೊಡ್ಡಪ್ಪ ಮುಳ್ಳು ತಿರುಗಿಸಿ ಸ್ವಲ್ಪ ಗಟ್ಟಿಯಾಗಿ ಇಡುತ್ತಿದ್ದುದು ಮರದ ಕೆಳಗಿನವರಿಗಾಗಿಯೇ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಆದರೂ ಅವರನ್ನು ಹತ್ತಿರಕ್ಕೆ ಕರೆಯಲಿಲ್ಲ. "ಸುದ್ದಿ ಮುಗಿಯುವವರೆಗೂ ನಮ್ಮ ಮನೆಯವರೇ" ಎಂಬ ಮಾತು ಅವರವರೆಗೆ ಹೋಗಲಿಲ್ಲ.

ಜಗಲಿಯ ಮೇಲೆ ದಿನವೂ ತಪ್ಪದೆ ಬರುತ್ತಿದ್ದವರಲ್ಲಿ ಕಂಬಳಿ ನೇಯುವ ಒಬ್ಬ ಮುದುಕ. ಕಡಲೆಕಾಯಿ ಕಿತ್ತ ಮೇಲೆ ವರ್ಷಕ್ಕೊಂದು ಸಲ ಟವೆಲಿನಲ್ಲಿ ಎರಡು ಮೂರು ಸೇರು ಕಡಲೆಕಾಯಿ ಕಟ್ಟಿಕೊಂಡು ಬಂದು ದೊಡ್ಡಮ್ಮನ ಮುಂದೆ ಸುರಿಯುವನು. "ಇದೇನಯ್ಯ?" ಎಂದರೆ, "ರೇಡಿಯದ ಬಾಬ್ತು ಕಣವ್ವ" ಎನ್ನುವನು. "ಅದಕ್ಕೆಂಥ ಬಾಬ್ತಯ್ಯ, ಕೇಳಿದ್ರೆ ನಮ್ಮ ಗಂಟೇನು ಹೋಗ್ತದೆ?" ಎಂದು ದೊಡ್ಡಪ್ಪ ಒಳಗಿನಿಂದ ಕೂಗಿದರೆ, "ನಿಮ್ಮ ಗಂಟು ಹೋಗೋಲ್ಲ ಗೌಡ್ರೇ, ನನ್ನ ಗಂಟ್ಲಲ್ಲಿ ಇಳಿಯೋಲ್ಲ" ಎಂದು ಅವನ ಉತ್ತರ. ಯಾವ ಕಾಯಿದೆಯೂ ಅವನಿಂದ ಬಿಡಿಗಾಸು ಕೇಳಿರಲಿಲ್ಲ. ಪೆಟ್ಟಿಗೆ ಅವನದಲ್ಲ, ಮನೆ ಅವನದಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ಇರಲೇ ಇಲ್ಲ. ಆದರೂ ಅವನಿಗೆ ತನ್ನ ಲೆಕ್ಕ ಗೊತ್ತಿತ್ತು.

ಇಲ್ಲಿ ಕೆರೆಯ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆಯದು ಬಯಲುಸೀಮೆ, ಮಳೆ ನಂಬುವಂತಿಲ್ಲ, ಬೇಸಾಯವೆಲ್ಲ ಕೆರೆಯ ಮೇಲೆ. ತೂಬು ಎತ್ತುವುದು, ಕಾಲುವೆ ನೋಡುವುದು, ಯಾರ ಗದ್ದೆಗೆ ಯಾವ ಸರದಿ ಎಂದು ನೀರು ಬಿಡುವುದು – ಇದು ನೀರುಗಂಟಿಯ ಕೆಲಸ. ಅವನಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ಒಕ್ಕಲುಗಳು ಕಣದಲ್ಲಿಯೇ ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಅಚ್ಚುಕಟ್ಟಿನ ಹೊರಗಿನ ಹೊಲದವನು ಕೊಡಬೇಕಾಗಿರಲಿಲ್ಲ. ಆದರೆ ಅವನಿಗೂ ಕೆರೆಯಿಂದ ಪ್ರಯೋಜನವಿಲ್ಲವೆ? ಕೆರೆ ತುಂಬಿದ ವರ್ಷ ಅವನ ಬಾವಿಯಲ್ಲಿ ನೀರು ಮೇಲಕ್ಕೆ ಬರುತ್ತದೆ. ಅವನ ದನಗಳೂ ಅದೇ ಕೆರೆಯಲ್ಲಿ ನೀರು ಕುಡಿಯುತ್ತವೆ. ಆದರೂ ಊರು ಅವನನ್ನು ಕೇಳುತ್ತಿರಲಿಲ್ಲ. ಮಳೆ ಬಿದ್ದದ್ದಕ್ಕೆ, ಒರತೆ ಬಂದದ್ದಕ್ಕೆ ಯಾರೂ ಯಾರಿಗೂ ಅಳೆಯುವುದಿಲ್ಲ. ಕೈಯಾರೆ ತೂಬು ಎತ್ತಿಸಿ ತನ್ನ ಗದ್ದೆಗೆ ನೀರು ತಿರುಗಿಸಿಕೊಂಡವನು ಮಾತ್ರ ಅಳೆಯಬೇಕು. ಬರೆದ ಕಾನೂನಲ್ಲ, ಆದರೆ ಬಹಳ ನುರಿತ ಬುದ್ಧಿಯಿಂದ ಹುಟ್ಟಿದ ಪದ್ಧತಿ.

ಅಮೆರಿಕದ ತತ್ತ್ವಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಿದ್ದಾನೆ. ಒಂದು ಬಡಾವಣೆಯ ಜನ ಸೇರಿ ಬೀದಿಗೆ ಧ್ವನಿವರ್ಧಕ ಹಾಕಿಸುತ್ತಾರೆ. ದಿನಕ್ಕೊಬ್ಬರಂತೆ ಸರದಿಯ ಮೇಲೆ ಹಾಡು ಹಾಕುವುದು, ಕತೆ ಹೇಳುವುದು. ನೂರಾರು ದಿನ ನೀನು ಕಿಟಕಿಯಲ್ಲಿ ನಿಂತು ಕೇಳಿ ನಕ್ಕಿದ್ದೀಯೆ. ಈಗ ನಿನ್ನ ಸರದಿ ಬಂತು. ಒಂದು ದಿನವನ್ನು ನೀನು ಕೊಡಲೇಬೇಕೆ? ಬೇಕಿಲ್ಲ ಎಂದು ನೋಜಿಕ್ಕನ ವಾದ. ಕೇಳದೆ ಕೊಟ್ಟದ್ದಕ್ಕೆ ಬೆಲೆ ವಸೂಲು ಮಾಡುವ ಹಕ್ಕು ಯಾರಿಗೂ ಇಲ್ಲ. ಹಾಗಿದ್ದರೆ ಬಾಗಿಲಿನಲ್ಲಿ ಪುಸ್ತಕ ಎಸೆದು ಹೋದವನೂ ಹಣ ಕೇಳಬಹುದು.

ಈ ವಾದ ಅರ್ಧ ಸತ್ಯ. ಕಿಟಕಿಯಲ್ಲಿ ಬಂದು ಬಿದ್ದ ಹಾಡು ಮಳೆಯ ನೀರು, ಅದಕ್ಕೆ ಬಾಕಿಯಿಲ್ಲ. ಎದುರು ಮನೆಯ ಸಂಪಿಗೆಯೂ ಹಾಗೆಯೇ. ಆದರೆ ಅಂಗಡಿಗೆ ಹೋಗಿ ರೇಡಿಯೋ ಕೊಂಡು, ತಂತಿ ಎಳೆದು, ಮುಳ್ಳು ತಿರುಗಿಸಿ ಬೆಂಗಳೂರನ್ನೋ ಧಾರವಾಡವನ್ನೋ ಹುಡುಕಿ ಹಿಡಿದವನ ಮೇಲೆ ಯಾರೂ ಏನನ್ನೂ ಎಸೆದಿಲ್ಲ. ಅವನು ತೂಬು ಎತ್ತಿದ್ದಾನೆ. ಕಂಬಳಿಯ ಮುದುಕ ಪೆಟ್ಟಿಗೆ ಕೊಂಡಿರಲಿಲ್ಲ. ಆದರೆ ದಿನವೂ ಸುದ್ದಿಯ ಹೊತ್ತಿಗೆ ಕೆಲಸ ಬಿಟ್ಟು ಎದ್ದು ಬರುತ್ತಿದ್ದ. ಅದೂ ತೂಬು ಎತ್ತಿದಂತೆಯೇ ಎಂದು ಅವನು ಬಗೆದ. ನಮ್ಮ ಮನೆಯ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸಿನ ಕಿವಿಗೂ ಅದೇ ಸುದ್ದಿ ಬೀಳುತ್ತಿತ್ತು. ಅವಳು ಏನೂ ತರಲಿಲ್ಲ, ತರಬೇಕಾಗಿಯೂ ಇರಲಿಲ್ಲ. ಪ್ರಯೋಜನ ಎಷ್ಟಾಯಿತು ಎಂಬುದರಿಂದ ಬಾಕಿ ಹುಟ್ಟುವುದಿಲ್ಲ. ಕೈ ಚಾಚಿದೆವೆ ಎಂಬುದರಿಂದ ಹುಟ್ಟುತ್ತದೆ.

ಹೊಂಗೆಮರದ ಕೆಳಗೆ ನಿಂತವರೂ ಎದ್ದು ಬಂದವರೇ ಅಲ್ಲವೆ, ಅವರ ಬಾಕಿ ಏನಾಯಿತು ಎಂದು ಯಾರಾದರೂ ಕೇಳಬಹುದು. ಜಗಲಿ ಹತ್ತಲು ಬಿಡದವನಿಗೆ ಬೀದಿಯಲ್ಲಿ ನಿಂತವನು ಬಾಕಿದಾರನಾಗುವುದು ಹೇಗೆ? ಅಲ್ಲಿ ಬಾಕಿ ಇದ್ದದ್ದು ನಮ್ಮ ಮನೆಯ ಕಡೆ.

ಲೈಸೆನ್ಸಿನ ಹಣ ಬೆಲೆಯೂ ಅಲ್ಲ, ತೆರಿಗೆಯೂ ಅಲ್ಲ. ಬೆಲೆಯಾದರೆ ಕೇಳಿದಷ್ಟಕ್ಕೆ ಅಳತೆಯಿರಬೇಕು. ತೆರಿಗೆಯಾದರೆ ಬೇಡವೆಂದವನೂ ಕಟ್ಟಬೇಕು. ಇದು ನಮ್ಮ ಹಳ್ಳಿಗಳ ವಂತಿಗೆಯ ಜಾತಿಗೆ ಸೇರಿದ್ದು. ಜಾತ್ರೆಗೆ, ಮಾರಿಹಬ್ಬಕ್ಕೆ, ಕೆರೆಯ ಹೂಳಿಗೆ ಒಲೆಗಿಷ್ಟು ಎಂದು ಎತ್ತುವ ಹಣ. ಒಲೆಗೆ ಎಂದದ್ದು ಸುಮ್ಮನೆ ಅಲ್ಲ. ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆ ಎರಡು ವಂತಿಗೆ. ಹತ್ತು ಜನ ಒಂದೇ ಒಲೆಯಲ್ಲಿ ಉಂಡರೆ ಒಂದೇ ವಂತಿಗೆ. ಯಾರು ಒಂದು ಸಂಸಾರವೆಂದು ತಿಳಿಯಲು ಇದಕ್ಕಿಂತ ನೇರವಾದ ಅಳತೆ ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಲೈಸೆನ್ಸು ಪದ್ಧತಿಯನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬಾರದು. ಅದರಲ್ಲಿ ಎರಡು ದೊಡ್ಡ ಕೊರತೆಗಳಿದ್ದವು. 15 ರೂಪಾಯಿ ಬೆಂಗಳೂರಿನ ಅಧಿಕಾರಿಗೆ ಒಂದು ಸಂಜೆಯ ಖರ್ಚು. ನಮ್ಮೂರಿನ ಕೂಲಿಯವನಿಗೆ ಹಲವು ದಿನಗಳ ದುಡಿಮೆ. ಊರಿನ ವಂತಿಗೆಯಲ್ಲಿ ಇಲ್ಲದವನಿಗೆ ರಿಯಾಯಿತಿ ಉಂಟು, ವಿಧವೆಯ ಒಲೆಯನ್ನು ಬಿಟ್ಟುಬಿಡುವುದುಂಟು. ಪೋಸ್ಟಾಫೀಸಿನ ಕಿಟಕಿಗೆ ಅಷ್ಟು ವಿವೇಕವನ್ನು ಯಾರೂ ಕೊಟ್ಟಿರಲಿಲ್ಲ. ಎರಡನೆಯದು ಇನ್ನೂ ದೊಡ್ಡದು. ಒಲೆಗಿಷ್ಟು ಕೊಟ್ಟವನು ಜಾತ್ರೆ ಮುಗಿದ ಮೇಲೆ ಲೆಕ್ಕ ಕೇಳುತ್ತಾನೆ, ಬೇಕಾದರೆ ಜಗಳವಾಡುತ್ತಾನೆ. ರೇಡಿಯೋದ ಲೆಕ್ಕವನ್ನು ನಾವು ಯಾರನ್ನು ಕೇಳಿದೆವು? 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿ ಸರ್ಕಾರ ಹೇಳಿದ್ದನ್ನೇ ಹೇಳಿತು. ಆ ವರ್ಷಗಳಲ್ಲಿಯೂ ನಾವು ಸಾಲಿನಲ್ಲಿ ನಿಂತು ಚೀಟಿ ಅಂಟಿಸಿದೆವು. ಹಣ ಕೊಟ್ಟರೆ ಮಾತಿನ ಹಕ್ಕು ಬರುತ್ತದೆ ಎನ್ನುವವರು ಆ ಎರಡು ವರ್ಷಗಳನ್ನು ನೆನೆಯಬೇಕು.

ಹಾಗೆಂದು ಲೈಸೆನ್ಸು ಹೋದದ್ದರಿಂದ ನಾವು ಸ್ವತಂತ್ರರಾದೆವೆ? 1967ರಲ್ಲಿ ವಿವಿಧ ಭಾರತಿಗೂ, 1976ರಲ್ಲಿ ದೂರದರ್ಶನಕ್ಕೂ ಜಾಹೀರಾತು ಬಂದಿತ್ತು. ಲೈಸೆನ್ಸು ಹೋದ ಕೆಲವೇ ವರ್ಷಕ್ಕೆ, 1987ರ ಜನವರಿಯಿಂದ, ಭಾನುವಾರದ ಬೆಳಗ್ಗೆ ರಾಮಾಯಣ ಶುರುವಾಯಿತು. ಬೀದಿಗಳು ಬರಿದಾದವು, ರಾಮನ ಹಿಂದೆ ಮುಂದೆ ಸೋಪು, ಟೂತ್‌ಪೇಸ್ಟುಗಳು ಬಂದು ಹೋದವು. ನಮ್ಮ ಪರವಾಗಿ ಹಣ ಕಟ್ಟುವ ಹೊಸ ಯಜಮಾನ ಸಿಕ್ಕಿದ. ಅವನು ಪುಸ್ತಕ ತೋರಿಸೆಂದು ಕೇಳುವುದಿಲ್ಲ; ನಮ್ಮನ್ನೇ ಎಣಿಸಿ ಇನ್ನೊಬ್ಬನಿಗೆ ತೋರಿಸುತ್ತಾನೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಬಹಳ ದೊಡ್ಡ ಮಾತು. ಆದರೆ ಕೆರೆ ಊರಿನದು ಎಂದು ಬರೆದಿಟ್ಟರೆ ಸಾಲದು. ನೀರುಗಂಟಿಗೆ ಅಳೆಯುವವರು ಯಾರು ಎಂಬುದೂ ತೀರ್ಮಾನವಾಗಬೇಕು.

ನಮ್ಮಲ್ಲಿ ತೀರಿದ ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ಇನ್ನೂ ಜೀವಂತವಾಗಿದೆ. ನನ್ನ ತಂಗಿಯ ಮಗಳು, ಅವಳ ಗಂಡ ರೆಡಿಂಗ್ ಪಟ್ಟಣದಲ್ಲಿದ್ದಾರೆ. ಬಾಡಿಗೆಯ ಮನೆ; ಟಿವಿ ಪೆಟ್ಟಿಗೆಯಿಲ್ಲ. ನಿಮ್ಮ ವಿಳಾಸದಲ್ಲಿ ಲೈಸೆನ್ಸು ಇಲ್ಲವೆಂದು ಅವರಿಗೊಂದು ಕಾಗದ ಬಂತು. ಲೈಸೆನ್ಸಿಲ್ಲದ ಮನೆಗಳಿಗೆಲ್ಲ ಅಂಥ ಕಾಗದ ಬರುವುದು ಅಲ್ಲಿ ವಾಡಿಕೆ. "ಮಾವ, ನಾವು ಕಟ್ಟಬೇಕೋ ಬೇಡವೋ?" ಎಂದು ಹುಡುಗಿ ಫೋನು ಮಾಡಿದಳು. ಇಲ್ಲಿ ಕುಳಿತ ನನ್ನನ್ನು ಯಾಕೆ ಕೇಳಿದಳೋ. ಲೈಸೆನ್ಸು ಕಟ್ಟಿದ ಅನುಭವವಿರುವ ಬಂಧು ನಾನೊಬ್ಬನೇ ಎಂದಿರಬೇಕು.

ಅಲ್ಲಿಯ ಕಾನೂನು ನಮ್ಮದಕ್ಕಿಂತ ಬೇರೆ. ಪೆಟ್ಟಿಗೆ ಇಟ್ಟುಕೊಂಡರೆ ತಪ್ಪಿಲ್ಲ, ನೋಡುವುದಕ್ಕೆ ಲೈಸೆನ್ಸು. ಯಾವ ಚಾನೆಲ್ಲನ್ನಾದರೂ ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲಿಯೇ ನೋಡಿದರೆ, ಅಥವಾ ಮುದ್ರಿಸಿಕೊಂಡರೆ, ಕಟ್ಟಬೇಕು. ಬಿಬಿಸಿಯ ಐಪ್ಲೇಯರಿನಲ್ಲಿ ಯಾವಾಗ ನೋಡಿದರೂ ಕಟ್ಟಬೇಕು. ಟಿವಿಯಲ್ಲಾಗಲಿ, ಫೋನಿನಲ್ಲಾಗಲಿ, ವ್ಯತ್ಯಾಸವಿಲ್ಲ. ಬೇಕಾದಾಗ ತೆಗೆದು ನೋಡುವ ಇತರ ಸಿನಿಮಾ, ಧಾರಾವಾಹಿಗಳಿಗೆ ಬೇಡ. 2025ರ ಏಪ್ರಿಲಿನಲ್ಲಿ ಗೊತ್ತುಮಾಡಿದ ದರ ವರ್ಷಕ್ಕೆ 174.50 ಪೌಂಡು. ಕಣ್ಣಿಲ್ಲದವರಿಗೆ ಅರ್ಧ. 75 ದಾಟಿದವರಿಗೆ ಮೊದಲು ಪೂರ್ತಿ ಮಾಫಿ ಇತ್ತು. 2020ರ ಆಗಸ್ಟಿನಿಂದ ಅವರಲ್ಲಿ ಬಡವರೆಂದು ಪಿಂಚಣಿಯ ನೆರವು ಪಡೆಯುವವರಿಗೆ ಮಾತ್ರ.

ಸಂಸಾರ ಎಂದರೆ ಯಾರು ಎಂಬುದಕ್ಕೂ ಅವರು ಒಲೆಯಂಥದೊಂದು ಅಳತೆ ಹುಡುಕಿದ್ದಾರೆ. ನಾಲ್ವರು ಒಂದೇ ಕರಾರುಪತ್ರದ ಮೇಲೆ ಮನೆ ಹಿಡಿದಿದ್ದರೆ ಸಾಮಾನ್ಯವಾಗಿ ಒಂದು ಲೈಸೆನ್ಸು ಸಾಕು. ಕೋಣೆಗೊಂದು ಕರಾರಿದ್ದರೆ ಕೋಣೆಗೊಂದು ಬೇಕು. ಅನ್ನ ಯಾವ ಒಲೆಯಲ್ಲಿ ಬೇಯುತ್ತದೆ ಎಂಬುದಲ್ಲ, ಬಾಡಿಗೆಯ ಕಾಗದ ಎಷ್ಟು ಎಂಬುದು. ಓದಲು ಹೋದ ಮಗನ ವಿಷಯದಲ್ಲಿಯಂತೂ ತಮಾಷೆಯಾಗಿದೆ. ತಂದೆತಾಯಿಯ ಮನೆಗೆ ಲೈಸೆನ್ಸು ಇದ್ದು, ಹುಡುಗ ತನ್ನ ಫೋನನ್ನೋ ಕಂಪ್ಯೂಟರನ್ನೋ ಅದರದೇ ಬ್ಯಾಟರಿಯ ಮೇಲೆ ನಡೆಸಿ ನೋಡಿದರೆ ಅವನಿನ್ನೂ ತಂದೆತಾಯಿಯ ಮನೆಯವನೇ. ನೋಡುತ್ತಿರುವಾಗ ಗೋಡೆಯ ವಿದ್ಯುತ್ತಿಗೆ ತಂತಿ ಸಿಕ್ಕಿಸಿದನೋ, ಬೇರೆ ಸಂಸಾರವಾದ! ನಮ್ಮಲ್ಲಿ ಮದುವೆಯಾದ ಮೇಲೆ ಬೇರೆಯಾಗುತ್ತಾರೆ. ಅಲ್ಲಿ ಪ್ಲಗ್ಗು ಹಾಕಿದ ಮೇಲೆ. ಜರ್ಮನಿಯವರು ಈ ಗೋಜೇ ಬೇಡವೆಂದು 2013ರಿಂದ ಪೆಟ್ಟಿಗೆಯನ್ನೂ ಕೇಳದೆ, ನೋಡಿದಿರಾ ಎಂದೂ ಕೇಳದೆ ಮನೆಗಿಷ್ಟು ಎಂದು ಎತ್ತುತ್ತಾರೆ. 2021ರ ಆಗಸ್ಟಿನಲ್ಲಿ ಅದು ತಿಂಗಳಿಗೆ 18.36 ಯೂರೋ ಆಯಿತು. ಅದು ವಂತಿಗೆಯನ್ನು ತೆರಿಗೆಯ ಹತ್ತಿರಕ್ಕೆ ಒಯ್ದಂತೆ. ಬೇಡವೆನ್ನುವವನಿಗೆ ಅಲ್ಲಿ ಬಾಗಿಲಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ.

ನಮ್ಮ ಹುಡುಗಿಯ ಮನೆಯಲ್ಲಿ ನಡೆಯುತ್ತಿದ್ದುದು ಇದು. ಭಾನುವಾರ ಮಧ್ಯಾಹ್ನ, ಇಲ್ಲಿ ರಾತ್ರಿಯಾಗುವ ಹೊತ್ತಿಗೆ, ಕನ್ನಡದ ಚಾನೆಲ್ಲೊಂದನ್ನು ಫೋನಿನಲ್ಲಿ ನೇರವಾಗಿ ನೋಡುತ್ತಿದ್ದರು. ಅಲ್ಲಿಯ ಕಾನೂನಿಗೆ ಚಾನೆಲ್ಲು ಯಾವ ದೇಶದ್ದಾದರೂ ಒಂದೆ. ಆದ್ದರಿಂದ ವಾರಕ್ಕೊಂದು ಗಂಟೆಯ ಕನ್ನಡಕ್ಕೆ ಬಿಬಿಸಿಯವರಿಗೆ 174.50 ಪೌಂಡು. ಅವಳ ಗಂಡ ಸಿಡಿದ. "ಮಾವ, ಬಿಬಿಸಿಯವರು ಇದರಲ್ಲಿ ಏನು ಮಾಡಿದ್ದಾರೆ? ಅವರ ಕೆರೆಯ ನೀರೇ ಅಲ್ಲ ಇದು! ಯಾರು ಬಂದು ನನ್ನ ಫೋನು ನೋಡುತ್ತಾರೆ?" (ಕೆರೆಯ ಮಾತು ನನ್ನಿಂದ ಕೇಳಿ ಕಲಿತದ್ದು, ಕಲಿಸಿದವನ ಮೇಲೆಯೇ ಪ್ರಯೋಗಿಸಿದ.)

ಅವನ ಮೊದಲನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅದು ನ್ಯಾಯವಾದ ಮಾತು. ಕಾನೂನಿನ ಗೆರೆ ಅಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದಿದೆ. ಎರಡನೆಯ ಮಾತು ಬೇರೆ. ಯಾರೂ ನೋಡುವುದಿಲ್ಲ ಎಂಬುದು ಗೆರೆ ತಪ್ಪಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪರಿಶೀಲನೆಗೆ ಬಂದವನು ವಾರಂಟಿಲ್ಲದೆ ಒಳಗೆ ಬರುವಂತಿಲ್ಲ. ಆದ್ದರಿಂದ ಬಹುಮಟ್ಟಿಗೆ ಆ ದೇಶದಲ್ಲಿ ಕಟ್ಟುವವರು ತಾವಾಗಿಯೇ ಕಟ್ಟುತ್ತಾರೆ. ಗೆರೆ ಸೊಟ್ಟಗಿದೆಯೆಂದು ತಿಳಿದೂ ಪಕ್ಕದ ಮನೆಯವರು ಕಟ್ಟುತ್ತಿರುವಾಗ, ನನ್ನೊಬ್ಬನ ಮಟ್ಟಿಗೆ ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆಂದರೆ ಅದು ಸುಧಾರಣೆಯಲ್ಲ, ರಿಯಾಯಿತಿ. ನೋಡುವುದಿದ್ದರೆ ಕಟ್ಟಿ, ಅನ್ಯಾಯವೆನ್ನಿಸಿದರೆ ನೋಡುವುದು ಬಿಡಿ, ಬಿಟ್ಟ ಮೇಲೆ ಎಂಥ ಕಾಗದ ಬಂದರೂ ಅಂಜಬೇಡಿ – ಇಷ್ಟು ಹೇಳಿದೆ. ಅವರು ಬಿಟ್ಟರು. ನೇರ ಪ್ರಸಾರ ನಿಂತಿತು; ಕಾರ್ಯಕ್ರಮ ಮುಗಿದ ಮೇಲೆ ತೆಗೆದು ನೋಡುವುದು ಅಭ್ಯಾಸವಾಯಿತು. ಮನೆ ಕಾನೂನಿಗೆ ಶುದ್ಧವಾಯಿತು.

ಆಮೇಲೆ 2025ರ ಬೇಸಿಗೆ ಬಂತು. ಭಾರತ ತಂಡ ಇಂಗ್ಲೆಂಡಿನಲ್ಲಿ ಐದು ಟೆಸ್ಟುಗಳನ್ನಾಡಿತು. ಟಿವಿ ಇಲ್ಲದ ಈ ಮನೆಯವರು ರೇಡಿಯೋ ಹಾಕಿದರು. ಇಂಗ್ಲೆಂಡಿನಲ್ಲಿ ರೇಡಿಯೋಕ್ಕೆ 1971ರಿಂದ ಲೈಸೆನ್ಸಿಲ್ಲ. ಬಿಬಿಸಿ ರೇಡಿಯೋದ ವೀಕ್ಷಕವಿವರಣೆ ಬೆಳಗ್ಗೆಯಿಂದ ಸಂಜೆಯವರೆಗೆ ಅಡಿಗೆಮನೆಯಲ್ಲಿ ಹರಿಯಿತು. ಮಳೆ ಬಂದು ಆಟ ನಿಂತರೆ ಅವರು ಕೇಕಿನ ವಿಷಯ, ಪಾರಿವಾಳದ ವಿಷಯ ಮಾತನಾಡುತ್ತಿದ್ದರಂತೆ. ಅದನ್ನೂ ಬಿಡದೆ ಕೇಳಿದರು. ಆಗಸ್ಟ್ 4ರಂದು ಓವಲ್ ಮೈದಾನದಲ್ಲಿ ಭಾರತ 6 ರನ್ನುಗಳಿಂದ ಗೆದ್ದು ಸರಣಿ 2–2 ಆದಾಗ ಹುಡುಗ ಕುಣಿದಾಡಿಬಿಟ್ಟನಂತೆ.

ಆ ರೇಡಿಯೋದ ಖರ್ಚು ನಡೆಯುವುದು ಟೆಲಿವಿಷನ್ ಲೈಸೆನ್ಸಿನ ಹಣದಿಂದಲೇ. ಈಗ ಲೆಕ್ಕ ನೋಡಿ. ಕನ್ನಡ ಚಾನೆಲ್ಲು ನೋಡುತ್ತಿದ್ದಾಗ ಬಿಬಿಸಿಯಿಂದ ಅವರು ಒಂದು ಹನಿಯನ್ನೂ ತೆಗೆದುಕೊಂಡಿರಲಿಲ್ಲ. ಆಗ ಕಾನೂನಿನ ಕಣ್ಣಿನಲ್ಲಿ ಬಾಕಿದಾರರು. ರೇಡಿಯೋ ಕೇಳತೊಡಗಿದ ಮೇಲೆ ದಿನಕ್ಕೆ ಆರು ಗಂಟೆ ತೂಬು ಎತ್ತಿ ಗದ್ದೆಗೆ ಹರಿಸಿಕೊಂಡರು. ಈಗ ಕಾನೂನಿನ ಕಣ್ಣಿನಲ್ಲಿ ಒಂದು ಪೆನ್ನಿಯ ಬಾಕಿಯೂ ಇಲ್ಲ! ಇದನ್ನು ಮೊದಲು ಗಮನಿಸಿದವಳು ನಮ್ಮ ಹುಡುಗಿ. ಪಕ್ಕದ ಮನೆಯ ಮುದುಕಿಗೆ ಎಂಬತ್ತರ ಮೇಲೆ ವಯಸ್ಸು. ನೆರವಿನ ಪಿಂಚಣಿ ಇಲ್ಲದ್ದರಿಂದ ಪೂರ್ತಿ ದರ ಕಟ್ಟುತ್ತಾಳೆ. ಬೇಲಿಯಾಚೆಯಿಂದ ಅವಳು, "ನಿಮ್ಮ ಮನೆಯ ಕ್ರಿಕೆಟ್ಟು ನನಗೂ ಕೇಳಿಸುತ್ತಿತ್ತು, ಚೆನ್ನಾಗಿತ್ತು" ಎಂದಳಂತೆ. "ಮಾವ, ಅದು ನಮ್ಮ ಮನೆಯ ಕ್ರಿಕೆಟ್ಟಲ್ಲ, ಅವಳ ಮನೆಯದು" ಎಂದು ನಮ್ಮ ಹುಡುಗಿ ನನಗೆ ಹೇಳಿದಳು.

ಕಂಬಳಿಯ ಮುದುಕನ ಕತೆಯನ್ನು ಅವಳು ಅವಳ ತಾಯಿಯಿಂದ ಕೇಳಿದ್ದಾಳೋ ಇಲ್ಲವೋ ನಾನು ವಿಚಾರಿಸಲಿಲ್ಲ. ಗಂಡಹೆಂಡಿರಲ್ಲಿ ಎರಡು ವಾರ ಚರ್ಚೆ ನಡೆಯಿತು. ಬೇಕಿಲ್ಲದ ಲೈಸೆನ್ಸನ್ನು ಕಟ್ಟುವುದು ಮೂರ್ಖತನವೆಂದು ಅವನು. ಬೇಕೋ ಬೇಡವೋ ಎಂಬುದನ್ನು ಕಾನೂನೊಂದೇ ಹೇಳುವುದಾದರೆ ಮನೆಯಲ್ಲಿ ನಾವಿಬ್ಬರು ಯಾಕೆ ಎಂದು ಅವಳು. ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಕಟ್ಟುವುದೇ ಆದರೆ ಟಿವಿಯನ್ನೇ ತರೋಣ, ಭಾನುವಾರದ ಕನ್ನಡವನ್ನು ನೇರವಾಗಿಯೇ ನೋಡೋಣ ಎಂದ. ಈಗ ಆ ಮನೆಯಲ್ಲಿ ಲೈಸೆನ್ಸೂ ಇದೆ, ಗೋಡೆಯ ಅರ್ಧ ತುಂಬುವ ಟಿವಿಯೂ ಇದೆ. ಕ್ರಿಕೆಟ್ಟನ್ನು ಮಾತ್ರ ಅಡಿಗೆಮನೆಯ ರೇಡಿಯೋದಲ್ಲಿಯೇ ಕೇಳುತ್ತಾರೆ. ಅದನ್ನು ತೋರಿಸುವ ಚಾನೆಲ್ಲಿಗೆ ಬೇರೆ ಚಂದಾ ಕೊಡಬೇಕಂತೆ.